ಒಲೆ ಈ ಕಡೆ, ಟಿವಿ ಆ ಕಡೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಬಿಳಿಗೆರೆಯಲ್ಲಿ ಎಲ್ಲರಿಗೂ ಗೊತ್ತು. ಬ್ಲೌಸ್ ಹೊಲಿಸಲು ಬಂದವರು ಎರಡು ಸಲ ಅಳತೆ ಬದಲಾಯಿಸಿದರೆ ಬಟ್ಟೆಯನ್ನೇ ವಾಪಸು ಎಸೆದವಳು ನಾನು. ಅಂಥ ನಾನು, ಧನಲಕ್ಷ್ಮಿ, ಆ ಭಾನುವಾರ ಭೈರಮ್ಮನ ನಡುಮನೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ. ಹದಿನೈದು ವರ್ಷದ ಸತ್ಯ ನಾಲಗೆಯ ತುದಿಗೆ ಬಂದಿತ್ತು. ಪಕ್ಕದಲ್ಲಿದ್ದ ಅನಸೂಯಕ್ಕ ನನ್ನ ತೊಡೆ ಚಿವುಟಿ ಹಿಡಿದಿದ್ದಳು, ಅದಕ್ಕೇ ಆಡಲಿಲ್ಲ. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ. ಇಳಿಸಿಕೊಳ್ಳಲಿಕ್ಕೇ ಇದನ್ನೆಲ್ಲ ಹೇಳುತ್ತಿದ್ದೇನೆ ಅಂತ ಬೇಕಾದರೆ ಅಂದುಕೊಳ್ಳಿ.

ಅನಸೂಯಕ್ಕ ನೊಣವಿನಕೆರೆಯ ಹೆಣ್ಣು. ಅವಳು ಲಿಂಗಣ್ಣನ ಕೈಹಿಡಿದು ಬಂದ ಮೂರು ವರ್ಷಕ್ಕೆ ನಾನು ಪಕ್ಕದ ಮನೆಗೆ ಸೊಸೆಯಾಗಿ ಬಂದೆ. ನನಗೆ ಬಂದ ವರ್ಷವೇ ಮಗುವಾಯಿತು. ಅವಳಿಗೆ ಹತ್ತು ವರ್ಷವಾದರೂ ಇಲ್ಲ. ಹರಕೆ, ಆಸ್ಪತ್ರೆ, ನಾಟಿ ಔಷಧಿ ಎಲ್ಲ ಮುಗಿದವು. ಲಿಂಗಣ್ಣ ಒಳ್ಳೆಯ ಮನುಷ್ಯ, ಇನ್ನೊಂದು ಮದುವೆಯ ಮಾತೆತ್ತಿದವರ ಮನೆಯಲ್ಲಿ ನೀರು ಕುಡಿಯುವುದನ್ನೂ ಬಿಟ್ಟ. ಆದರೆ ಅವನಿಗೆ ಮಾತು ಕಮ್ಮಿ. ಆ ಮನೆಯಲ್ಲಿ ಎಲ್ಲರ ಪಾಲಿನ ಮಾತನ್ನೂ ಆಡುತ್ತಿದ್ದವನು ತಮ್ಮ ಮಾಯಣ್ಣ. ಅವನ ಹೆಂಡತಿ ಭೈರಮ್ಮ ಹುಳಿಯಾರು ಕಡೆಯವಳು, ಗಟ್ಟಿ ಆಳು. ತೋಟ, ದನ, ಹಾಲು, ಮೇವು, ಹೊರಗಿನದೆಲ್ಲ ಅವಳದು. ಒಲೆ, ನೀರು, ಅಟ್ಟ, ಒಳಗಿನದೆಲ್ಲ ಅನಸೂಯಕ್ಕನದು. ವಾರಗಿತ್ತಿಯರಿಬ್ಬರೂ ಒಂದು ದಿನ ಜಗಳ ಆಡಿದ್ದನ್ನು ನಾನು ಕಂಡಿಲ್ಲ. ಎಂಬತ್ತೆಂಟರಲ್ಲಿ ಭೈರಮ್ಮ ನಯನಳನ್ನು ಹೆತ್ತಳು. ಬಾಣಂತನ ಮುಗಿದು ಅವಳು ತೋಟಕ್ಕೆ ಹೋದಳು, ಮಗು ಅನಸೂಯಕ್ಕನ ಮಡಿಲಿಗೆ ಬಂತು. ಯಾರೂ ಕೊಡಲಿಲ್ಲ, ಯಾರೂ ಕೇಳಲಿಲ್ಲ. ಹಾಗೇ ಆಯಿತು.

ತೊಂಬತ್ತರಲ್ಲಿ ಮಾಯಣ್ಣ ತಿಪಟೂರಿನಿಂದ ಟಿವಿ ತಂದ. ಕಪ್ಪು ಬಿಳುಪಿನದು, ಮರದ ಬಾಗಿಲಿನದು. ಆಂಟೆನಾಕ್ಕೆ ಎರಡು ಅಡಿಕೆ ಮರದ ಕಂಬ ಜೋಡಿಸಿ ಕಟ್ಟಿದರು. ಭಾನುವಾರ ಸಂಜೆ ನಾಲ್ಕಕ್ಕೆ ಕನ್ನಡ ಸಿನಿಮಾ. ನಮ್ಮ ಬೀದಿಯ ಹೆಂಗಸರೆಲ್ಲ ಮೂರೂವರೆಗೇ ಹೋಗಿ ಜಾಗ ಹಿಡಿಯುತ್ತಿದ್ದೆವು. ಸಿನಿಮಾ ಬಿಟ್ಟು ಎದ್ದು ಯಾರು ಅಡುಗೆ ಮಾಡುತ್ತಾರೆ? ಅದಕ್ಕೆ ಅನಸೂಯಕ್ಕ ಒಂದು ಪದ್ಧತಿ ಮಾಡಿದಳು. ಭಾನುವಾರ ಬೆಳಿಗ್ಗೆ ಹತ್ತಕ್ಕೇ ರಾತ್ರಿಯ ಊಟ ತಯಾರು. ಹಸಿ ಕಾಯಿ, ಸಾಸಿವೆ, ಒಣಮೆಣಸಿನಕಾಯಿ ರುಬ್ಬಿ ಕಲೆಸಿದ ಚಿತ್ರಾನ್ನ, ಮೇಲೆ ಹುಚ್ಚೆಳ್ಳು ಪುಡಿ, ಪಕ್ಕದಲ್ಲಿ ಮೊಸರನ್ನ, ಒಂದು ಹೋಳು ಉಪ್ಪಿನಕಾಯಿ. ಸಂಜೆಗೆ ಎಲ್ಲ ತಣ್ಣಗಾಗಿ, ಕಾಯಿ ಸಾಸಿವೆಯ ಘಾಟು ಅನ್ನಕ್ಕೆ ಪೂರ್ತಿ ಹತ್ತಿರುತ್ತಿತ್ತು. ತಂಗಳು ಅಂದರೆ ಮೂಗು ಮುರಿಯುವ ನಮ್ಮ ಅತ್ತೆ ಕೂಡ ಒಂದು ಬೊಗಸೆ ಇಸಕೊಂಡು ತಿನ್ನುತ್ತಿದ್ದರು. ಆ ರುಚಿ ಬಿಸಿ ಊಟಕ್ಕೆ ಬರುವುದಿಲ್ಲ, ನಾನು ಎಷ್ಟು ಸಲ ಮಾಡಿ ನೋಡಿದ್ದೇನೆ.

ನಯನಳಿಗೆ ಅಂತಲೇ ಅನಸೂಯಕ್ಕ ತಿಪಟೂರು ಸಂತೆಯಿಂದ ಮೂರು ಖಾನೆಯ ಒಂದು ಸ್ಟೀಲ್ ತಟ್ಟೆ ತಂದಿದ್ದಳು. ಒಂದರಲ್ಲಿ ಚಿತ್ರಾನ್ನ, ಒಂದರಲ್ಲಿ ಮೊಸರನ್ನ, ಚಿಕ್ಕದರಲ್ಲಿ ಹಪ್ಪಳದ ಚೂರು. ಮಗು ಟಿವಿಯ ಮುಂದೆ ಕೂತು ಪರದೆಯಿಂದ ಕಣ್ಣು ಕೀಳದೆ ಬಾಯಿ ತೆರೆಯುತ್ತಿತ್ತು. ಅನಸೂಯಕ್ಕ ಹಿಂದೆ ಕೂತು, ಕೈ ಮುಂದೆ ಚಾಚಿ ತುತ್ತು ಇಡುತ್ತಿದ್ದಳು. ಕೊನೇ ತುತ್ತಿನೊಳಗೆ ಕೊಬ್ಬರಿಯ ಚೂರು, ಬೆಲ್ಲದ ಚೂರು ಬಚ್ಚಿಟ್ಟಿರುತ್ತಿದ್ದಳು. ಅದು ಹಲ್ಲಿಗೆ ಸಿಕ್ಕಾಗ ಮಗು ಕಿಲಕಿಲ ನಗುವುದು. ಆಗ ನೋಡಬೇಕಿತ್ತು ಅನಸೂಯಕ್ಕನ ಮುಖ! ಸಿನಿಮಾ ಏನಾಯಿತು ಅಂತ ಆಮೇಲೆ ಕೇಳಿದರೆ ಅವಳಿಗೆ ಒಂದೂ ಗೊತ್ತಿರುತ್ತಿರಲಿಲ್ಲ. ಅವಳು ನೋಡುತ್ತಿದ್ದದ್ದು ಮಗುವಿನ ಕೆನ್ನೆಯನ್ನು. ಭೈರಮ್ಮನಿಗೆ ಅದು ಹಾಲು ಕರೆಯುವ ಹೊತ್ತು. ಅವಳು ಕೊಟ್ಟಿಗೆಯಲ್ಲಿರುತ್ತಿದ್ದಳು, ಒಂದು ಭಾನುವಾರವೂ ಸಿನಿಮಾ ಪೂರ್ತಿ ನೋಡಲಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಬರುಬರುತ್ತಾ ಭಾನುವಾರದ್ದು ದಿನದಿನದ್ದಾಯಿತು. ಟಿವಿ ಹಾಕದೆ ಮಗು ಬಾಯಿಯೇ ತೆರೆಯದು. ಅನಸೂಯಕ್ಕ ದಿನಾ ಮಧ್ಯಾಹ್ನವೇ ರಾತ್ರಿಗೂ ಮಾಡಿಟ್ಟು ಸಂಜೆ ತಟ್ಟೆ ಹಿಡಿದು ಕೂರತೊಡಗಿದಳು.

ಅಲ್ಲೇ ಎಡವಟ್ಟಾದದ್ದು. ನಮ್ಮ ಕಡೆ ತೆಂಗಿನಕಾಯಿಯನ್ನು ಕೊಬ್ಬರಿ ಮಾಡಲು ಒಂದು ವರ್ಷ ಅಟ್ಟದ ಮೇಲೆ ಹಾಕಿರುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಒಣಗಿ ಚಿಪ್ಪು ಬಿಡಬೇಕು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಅನ್ನಬೇಕು, ಆಗ ಕೊಬ್ಬರಿ ಆಯಿತು ಅಂತ ಅರ್ಥ. ಮಳೆಗಾಲದಲ್ಲಿ ಥಂಡಿ ಹಿಡಿಯದಂತೆ ದಿನಾ ಸಂಜೆ ಅಟ್ಟದ ಕೆಳಗೆ ಕಾಯಿಮಟ್ಟೆಯ ಬೆಂಕಿ ಹಾಕಿ ಹೊಗೆ ಕೊಡಬೇಕು. ಮದುವೆಯಾಗಿ ಬಂದಾಗಿನಿಂದ ಆ ಹೊಗೆ ಅನಸೂಯಕ್ಕನ ಕೆಲಸ, ಒಂದು ದಿನ ತಪ್ಪಿಸಿದವಳಲ್ಲ. ಆ ಮನೆಯ ಅಟ್ಟ ಅಡುಗೆಮನೆಯಿಂದ ನಡುಮನೆಯವರೆಗೂ ಒಂದೇ. ಬೆಂಕಿ ಹಾಕಿದರೆ ಹೊಗೆಯೆಲ್ಲ ಟಿವಿಯ ಮುಂದೆ.

ತೊಂಬತ್ತೆರಡರ ಮಳೆಗಾಲ. ನಯನಳಿಗೆ ನೆಗಡಿ, ಕೆಮ್ಮು. "ದೊಡ್ಡಮ್ಮ, ಹೊಗೆ. ಟಿವಿ ಕಾಣಲ್ಲ" ಅಂತ ಕಣ್ಣುಜ್ಜಿಕೊಂಡು ಅತ್ತಿತು. ಅನಸೂಯಕ್ಕ ಎದ್ದು ಹೋಗಿ ಒಂದು ಚೊಂಬು ನೀರು ತಂದು ಮಟ್ಟೆಯ ಬೆಂಕಿಯ ಮೇಲೆ ಸುರಿದಳು.

"ಅಕ್ಕ, ಅಟ್ಟ ತುಂಬ ಕಾಯಿ ಐತಲ್ಲ" ಅಂದೆ ನಾನು.

"ಇರ್ಲಿ ಬುಡು ಧನೂ. ಒಂದಿನ ಹೊಗೆ ಹಾಕ್ದಿದ್ರೆ ಕೊಬ್ಬರಿ ಏನು ಮುನಿಸ್ಕೊಂಡತ್ತಾ?"

ನಾನೂ ನಕ್ಕೆ. ನನಗೂ ಕಣ್ಣುರಿಯಿಲ್ಲದೆ ಟಿವಿ ನೋಡುವುದು ಬೇಕಾಗಿತ್ತಲ್ಲ! ಒಂದು ದಿನ ಹೋಗಿ ಒಂದು ವಾರವಾಯಿತು, ವಾರ ಹೋಗಿ ಮಳೆಗಾಲವೇ ಕಳೆಯಿತು. ಆ ಮೂರು ತಿಂಗಳು ಆ ಮನೆಯಲ್ಲಿ ಸಂಜೆ ಹೊಗೆಯೇಳಲಿಲ್ಲ. ಗಂಡಸರು ಕತ್ತಲಾದ ಮೇಲೆ ತೋಟದಿಂದ ಬರುತ್ತಿದ್ದರು, ಅವರಿಗೆ ತಿಳಿಯಲಿಲ್ಲ.

ಮುಂದಿನ ಶಿವರಾತ್ರಿ ಹೊತ್ತಿಗೆ ಅಟ್ಟದ ಕಾಯಿ ಇಳಿಸಿದರು. ಅಂಗಳದಲ್ಲಿ ಸುಲಿದು, ಚಿಪ್ಪು ಒಡೆಯಲು ಕೂತರು. ಮೊದಲ ಕಾಯಿ ಒಡೆದಾಗಲೇ ಹುಳಿ ವಾಸನೆ ನಮ್ಮ ಮನೆಯವರೆಗೆ ಬಂತು. ಕೊಬ್ಬರಿ ಉಂಡೆಯ ಮೇಲೆ ಹಸಿರು ಬೂಷ್ಟು, ಒಳಗೆ ಕಪ್ಪು. ಎರಡನೆಯದು ಹಾಗೇ. ಹತ್ತನೆಯದೂ ಹಾಗೇ. ಮಾಯಣ್ಣ ಒಂದೊಂದನ್ನೂ ಕಿವಿಗೆ ಹಿಡಿದು ಅಲ್ಲಾಡಿಸಿ ಅಲ್ಲಾಡಿಸಿ ಎಸೆದ. ಮುಕ್ಕಾಲು ಪಾಲು ಹಾಳು. ನಾನು ಬೇಲಿಯ ಈಚೆ ನಿಂತಿದ್ದೆ.

"ಅತ್ಗೆ, ಮಳೆಗಾಲದಲ್ಲಿ ಹೊಗೆ ಹಾಕಿದ್ರಾ?" ಅಂದ ಮಾಯಣ್ಣ.

ಹಾಕಿದೆ ಅಂದಿದ್ದರೆ ಯಾರು ಸಾಕ್ಷಿ ಕೇಳುತ್ತಿದ್ದರು? ಆ ಪುಣ್ಯಾತ್ಗಿತ್ತಿಗೆ ಸುಳ್ಳು ಬರುತ್ತಿರಲಿಲ್ಲ.

"ಹಾಕ್ಲಿಲ್ಲ ಕಣಪ್ಪ. ಮಗು ಕೆಮ್ತಿತ್ತು."

"ಯಾರ ಮಗು?" ಅಂದ ಮಾಯಣ್ಣ. "ಯಾರ ಮಗು ಅತ್ಗೆ? ನೀವು ಹೆತ್ತಿದ್ದಾ? ಮಕ್ಕಳಿಲ್ಲದ ಚಪಲಕ್ಕೆ ನನ್ನ ಮಗೀನ ಟಿವಿ ಮುಂದೆ ಕೂರಿಸ್ಕೊಂಡು ಆಟ ಆಡ್ತಾ, ಮನೇನೇ ತೊಳೆದಾಕಿಬಿಟ್ರಲ್ಲ!"

ಭೈರಮ್ಮ ಚಿಪ್ಪು ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ. ಅವಳು ಒಂದು ಮಾತು ಆಡಬಹುದಿತ್ತು. ನಾನೂ ಆಡಬಹುದಿತ್ತು, ಬೆಂಕಿ ಆರಿಸಿದಾಗ ನಾನೂ ಟಿವಿ ಮುಂದೆ ಅಲ್ಲೇ ಕೂತಿದ್ದೆ ಅಂತ. ಆಡಲಿಲ್ಲ. ಲಿಂಗಣ್ಣ ಮಾತ್ರ ಎದ್ದುನಿಂತು, "ಲೋ ಮಾಯ, ಇನ್ನು ಒಂದೇ ಮನೇಲಿ ಇರೋದು ಆಗಲ್ಲ ಕಣಪ್ಪ" ಅಂದ. ಅವನ ಬಾಯಿಂದ ನಾನು ಕೇಳಿದ ಅತಿ ಉದ್ದದ ಮಾತು ಅದು.

ಊರಿನ ಹಿರಿಯರು ಮಲ್ಲಿಕಾರ್ಜುನಯ್ಯನವರು ಬಂದು ಪಾಲು ಮಾಡಿಸಿದರು. ತೋಟಕ್ಕೆ ಗಡಿಯಾಯಿತು, ಮನೆಗೆ ಗೋಡೆಯಾಯಿತು. ಅಡುಗೆಮನೆಯ ಕಡೆ ಅಣ್ಣನಿಗೆ, ನಡುಮನೆಯ ಕಡೆ ತಮ್ಮನಿಗೆ. ಒಲೆ ಈ ಕಡೆ, ಟಿವಿ ಆ ಕಡೆ. ಗೋಡೆ ಅಟ್ಟದವರೆಗೆ ಮಾತ್ರ ಎದ್ದಿತು, ಅಟ್ಟದ ಮೇಲೆ ಬರೀ ಬಿದಿರಿನ ತಡಿಕೆ ಕಟ್ಟಿದರು. ಎಲ್ಲ ಮುಗಿದ ಮೇಲೆ ಮಲ್ಲಿಕಾರ್ಜುನಯ್ಯನವರು, "ಇನ್ನೇನಾದ್ರೂ ಕೇಳೋದಿದ್ಯೇನಮ್ಮ?" ಅಂತ ಅನಸೂಯಕ್ಕನನ್ನು ಕೇಳಿದರು.

"ಏನೂ ಬ್ಯಾಡ. ಭಾನುವಾರ ಒಂದಿನ ಮಗೀನ ಕಳಿಸ್ಲಿ. ಉಣಿಸಿ ಕಳಿಸ್ತೀನಿ."

"ಉಣಿಸಿದ್ದು ಸಾಕು" ಅಂದ ಮಾಯಣ್ಣ.

ಗೋಡೆ ಎದ್ದ ಮೇಲೆ ಮೂರು ಭಾನುವಾರ ನಯನ ಆ ಕಡೆ ಕಿರುಚಾಡಿ ಅತ್ತಳು. ಐದು ವರ್ಷದ ಕೂಸು. ಅನಸೂಯಕ್ಕ ಈ ಕಡೆ ಗೋಡೆಗೆ ಅಂಗೈ ಒತ್ತಿಕೊಂಡು ನಿಂತಿರುತ್ತಿದ್ದಳು. ನಾಲ್ಕನೆಯ ಭಾನುವಾರ ಭೈರಮ್ಮನ ದನಿ ಕೇಳಿಸಿತು: "ಅಳಬ್ಯಾಡ ಬಾರವ್ವ, ನಾನೇ ಉಣಿಸ್ತೀನಿ. ಅವತ್ತೂ ನಾನೇ ಅಲ್ವಾ ನಿಂಗೆ ಟಿವಿ ಮುಂದೆ ಉಣಿಸ್ತಿದ್ದಿದ್ದು?" ಮಗು ಸುಮ್ಮನಾಯಿತು. ಅಳುವ ಮಗುವನ್ನು ರಮಿಸಲು ಆಡಿದ ಮಾತು, ಆ ಮನೆಯಲ್ಲಿ ಅನಸೂಯಕ್ಕನ ಹೆಸರೆತ್ತಿದರೆ ಮಾಯಣ್ಣ ಎಗರಾಡುತ್ತಿದ್ದ, ಇನ್ನೇನು ಹೇಳಿಯಾಳು ಅಂದುಕೊಂಡೆ.

ಆಮೇಲೆ ಹದಿನೈದು ವರ್ಷ. ಒಂದು ಭಾನುವಾರ ಬಿಡದೆ ಅನಸೂಯಕ್ಕ ಬೆಳಿಗ್ಗೆ ಹತ್ತಕ್ಕೆ ಆ ಚಿತ್ರಾನ್ನ ಕಲೆಸಿದಳು. ನಾಲ್ಕಕ್ಕೆ ಅದೇ ಮೂರು ಖಾನೆಯ ತಟ್ಟೆಯಲ್ಲಿ ಬಡಿಸಿಕೊಂಡು ಗೋಡೆಯ ಪಕ್ಕ ಕೂರುವಳು. ಆ ಕಡೆಯ ಸಿನಿಮಾದ ಮಾತು, ಹಾಡು ಎಲ್ಲ ತಡಿಕೆಯ ಮೇಲಿಂದ ಕೇಳಿಸುತ್ತಿತ್ತು. ಬಿಳಿ ಸುಣ್ಣದ ಗೋಡೆ ನೋಡಿಕೊಂಡು ಸಿನಿಮಾ ಕೇಳಿಸಿಕೊಂಡು ಉಣ್ಣುವವಳು. ಕೊನೇ ತುತ್ತಿಗೆ ಕೊಬ್ಬರಿ, ಬೆಲ್ಲ ಇಟ್ಟು ನನ್ನ ಕೈಗೆ ಕೊಡುವಳು. ನನಗೆ ಸಿಟ್ಟು ಬರುತ್ತಿತ್ತು.

"ಯಾಕಕ್ಕ ಹಿಂಗೆ ಹೊಟ್ಟೆ ಉರ್ಕಂತೀಯ? ಒಂದು ಟಿವಿ ತಗೋ, ಇಲ್ಲ ಈ ತಂಗಳನ್ನ ಬುಡು."

"ನಿಂಗೊತ್ತಾಗಲ್ಲ ಸುಮ್ಕಿರು. ಅವಳಿಗೆ ನೆನಪಿರ್ತದೆ ಕಣೇ. ತಿಂದ ನಾಲಗೆ ಮರೆಯಲ್ಲ. ದೊಡ್ಡೋಳಾಗ್ಲಿ, ಅಪ್ಪನ ಹಂಗು ತಪ್ಪಲಿ, ಅವಳೇ ಹುಡುಕ್ಕೊಂಡು ಬತ್ತಾಳೆ. ಆಗ ಕೈ ಮರ್ತೋಗಿದ್ರೆ?"

ಅಷ್ಟೇ ಅವಳ ಆಸೆ. ಆಸ್ತಿಯಲ್ಲ, ಮಾಯಣ್ಣ ಬಂದು ತಪ್ಪಾಯಿತು ಅನ್ನುವುದೂ ಅಲ್ಲ. ಆ ಹುಡುಗಿ ಒಂದು ಸಲ ನೆನಪಿಸಿಕೊಳ್ಳಬೇಕು, ಅಷ್ಟೇ. ನಯನ ಬೀದಿಯಲ್ಲಿ ಎದುರಾದರೆ "ಚೆನ್ನಾಗಿದೀರಾ ದೊಡ್ಡಮ್ಮ" ಅಂತ ನಕ್ಕು ಹೋಗುತ್ತಿದ್ದಳು. ಎರಡು ಸಾವಿರದ ಏಳರಲ್ಲಿ ಅವಳ ಮದುವೆಯಾದಾಗ ಲಿಂಗಣ್ಣ, ಅನಸೂಯಕ್ಕ ಊರವರ ಸಾಲಿನಲ್ಲಿ ನಿಂತು ಅಕ್ಷತೆ ಹಾಕಿ ಬಂದರು.

ಮರುವರ್ಷ ಬೇಸಿಗೆಯಲ್ಲಿ ನಯನ ಏಳು ತಿಂಗಳ ಬಸುರಿ, ತವರಿಗೆ ಬಂದಳು. ಸಡಿಲ ಬ್ಲೌಸಿನ ಅಳತೆಗೆ ನನ್ನನ್ನು ಕರೆಸಿದರು. ಬಸುರಿಯನ್ನು ಬಯಕೆ ಕೇಳದೆ ಇರುತ್ತಾರೆಯೇ? ಕೇಳಿದೆ.

"ಹೇಳಿದ್ರೆ ನಗ್ತೀರ ಧನತ್ತೆ. ಚಿಕ್ಕೋಳಿದ್ದಾಗ ಭಾನುವಾರ ಟಿವಿ ಮುಂದೆ ತಿಂತಿದ್ನಲ್ಲ, ಆ ತಣ್ಣಗಿರೋ ಚಿತ್ರಾನ್ನ. ಅದೊಂದೇ ಕಣ್ಣಿಗೆ ಕಟ್ತದೆ. ಅಮ್ಮ ಎರಡು ಸಲ ಮಾಡಿದ್ಲು. ಆ ರುಚಿ ಬರ್ಲಿಲ್ಲ."

ಅಳತೆಯ ಟೇಪನ್ನು ಕೆಳಗಿಟ್ಟೆ. "ಅದು ಮಾಡೋರ ಕೈಲಿ ಐತೆ ಕಣೇ! ನಾಳಿದ್ದು ಭಾನುವಾರ ತರಿಸ್ತೀನಿ ಇರು" ಅಂದೆ. ಮಾಯಣ್ಣ ಜಗಲಿಯಲ್ಲಿದ್ದ. ವಯಸ್ಸು ಅವನನ್ನೂ ಮೆತ್ತಗೆ ಮಾಡಿತ್ತು. "ಅತ್ಗೆ ಬಂದ್ರೆ ಬರ್ಲಿ ಬುಡು" ಅಂದ. ಭೈರಮ್ಮ ಏನೋ ಹೇಳಲು ಬಾಯಿ ತೆರೆದು, ಮತ್ತೆ ಮುಚ್ಚಿಕೊಂಡು ಕೊಟ್ಟಿಗೆಗೆ ಹೋದಳು. ಆಗಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಓಡಿಹೋಗಿ ಅನಸೂಯಕ್ಕನಿಗೆ ಹೇಳಿದೆ. ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ನನ್ನ ರಟ್ಟೆ ಹಿಡಿದಳು.

"ಅವಳೇ ಕೇಳಿದ್ಲಾ? ನನ್ನ ಹೆಸರೇಳಿ ಕೇಳಿದ್ಲಾ ಧನೂ?"

"ಹೂಂ ಕಣಕ್ಕ. ಇನ್ಯಾರನ್ನ ಕೇಳ್ತಾಳೆ?"

ಹೆಸರು ಹೇಳಿರಲಿಲ್ಲ. ನಾನೇ ಹಾಗಂದುಕೊಂಡಿದ್ದೆ. ಸುಟ್ಟು ಹೋಗಲಿ ಈ ನಾಲಗೆ.

ಭಾನುವಾರ ಅವಳು ತಲೆಗೆ ಎರೆದುಕೊಂಡು, ತನ್ನ ಮದುವೆಯ ಹಸಿರು ರೇಷ್ಮೆ ಸೀರೆ ಉಟ್ಟಳು. ತಟ್ಟೆಯನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದ್ದಳು. ಹತ್ತಕ್ಕೆ ಕಲೆಸಿದ ಚಿತ್ರಾನ್ನ ನಾಲ್ಕಕ್ಕೆ ಹದವಾಗಿ ತಣ್ಣಗಾಗಿತ್ತು. ಗೋಡೆಯ ಆಚೆಗೆ ಹೋಗಲು ನಮ್ಮ ಬೀದಿಗೆ ಇಳಿದು ಹತ್ತು ಹೆಜ್ಜೆ ನಡೆದರೆ ಸಾಕು. ಆ ಹತ್ತು ಹೆಜ್ಜೆಯಲ್ಲಿ ಎರಡು ಸಲ ನಿಂತಳು. ಹೊಸ್ತಿಲು ದಾಟುವಾಗ ನನ್ನ ಕೈ ಹಿಡಿದುಕೊಂಡಳು.

ನಡುಮನೆಯಲ್ಲಿ ಈಗ ದೊಡ್ಡ ಕಲರ್ ಟಿವಿ. ಯಾವುದೋ ಸಿನಿಮಾ ಬರುತ್ತಿತ್ತು. ನಯನ ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದಳು. "ಬನ್ನಿ ದೊಡ್ಡಮ್ಮ, ಬನ್ನಿ" ಅಂದಳು. ಅನಸೂಯಕ್ಕ ಅವಳ ಹಿಂದೆ, ಅವತ್ತಿನ ಜಾಗದಲ್ಲೇ ಕೂತಳು, ನಾನು ಅವಳ ಪಕ್ಕದಲ್ಲಿ.

"ಉಣಿಸ್ಲಾ?" ಅಂದಳು. ತುತ್ತು ಆಗಲೇ ಕೈಯಲ್ಲಿತ್ತು.

"ಉಣಿಸಿ" ಅಂತ ನಯನ ನಕ್ಕು, ಟಿವಿ ನೋಡುತ್ತಾ ಬಾಯಿ ತೆರೆದಳು.

ಮೊದಲ ತುತ್ತಿಗೇ ಅವಳ ಕಣ್ಣು ತುಂಬಿದವು. "ಇದೇ ಧನತ್ತೆ! ಇದೇ ರುಚಿ! ಅಯ್ಯೋ, ಎಷ್ಟು ವರ್ಷ ಆಯ್ತು!" ಒಂದಾದ ಮೇಲೊಂದು ತುತ್ತು ಹೋಯಿತು. ಅನಸೂಯಕ್ಕನ ಮುಖವನ್ನು ನಾನು ಹೇಗೆ ಹೇಳಲಿ? ಹದಿನೈದು ವರ್ಷ ಕಾದದ್ದು ಸಾರ್ಥಕವಾಯಿತು ಅಂತ ನಾನೂ ಕಣ್ಣೊರೆಸಿಕೊಂಡೆ. ಕೊನೇ ತುತ್ತು ಬಂತು. ನಯನ ಅಗಿದಳು, ಹಲ್ಲಿಗೆ ಕೊಬ್ಬರಿ ಸಿಕ್ಕಿತು, ಚಿಕ್ಕ ಮಗುವಿನ ಹಾಗೆ ಕಿಲಕಿಲ ನಕ್ಕಳು.

"ಕೊಬ್ಬರಿ ಬೆಲ್ಲ! ಅಮ್ಮಾ, ಬಾ ಇಲ್ಲಿ! ನೀನು ಬಚ್ಚಿಡ್ತಿದ್ದೆಯಲ್ಲ, ಥೇಟ್ ಹಂಗೇ. ನೀನು ಉಣಿಸ್ತಿದ್ದ ರುಚಿ ನಿಂಗೇ ಮರ್ತೋಗಿದೆ, ದೊಡ್ಡಮ್ಮಂಗೆ ನೆನಪಿದೆ ನೋಡು. ನೀನೇ ಹೇಳ್ಕೊಟ್ಟಿದ್ದಾ ಇವರಿಗೆ?"

ಭೈರಮ್ಮ ಹಾಲಿನ ಚೊಂಬು ಹಿಡಿದು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದಳು. ಅದೇ ಹೊತ್ತು, ಅದೇ ಚೊಂಬು. ಅವಳು ನೆಲ ನೋಡಿದಳು. ಅನಸೂಯಕ್ಕನ ಕೈ ಗಾಳಿಯಲ್ಲಿ ಹಾಗೇ ನಿಂತಿತ್ತು, ಬೆರಳಿಗೆ ಅನ್ನ ಅಂಟಿತ್ತು. ನನ್ನ ಮೈಯೆಲ್ಲ ಉರಿದುಹೋಯಿತು. ಲೇ, ಯಾರೇ ನಿಂಗೆ ಉಣಿಸಿದ್ದು, ಯಾರ ಮನೆ ಮುರೀತು ಆ ತುತ್ತಿಗೆ, ಅನ್ನಬೇಕು ಅಂತ ಬಾಯಿ ತೆರೆದೆ. ಅನಸೂಯಕ್ಕನ ಎಡಗೈಯಿಂದ ನನ್ನ ತೊಡೆಯ ಮೇಲೆ ಆ ಚಿವುಟು ಬಿತ್ತು. ಬಸುರಿ ಹುಡುಗಿಯ ಮುಂದೆ ಅವಳ ತಾಯಿಯನ್ನು ಸುಳ್ಳಿ ಮಾಡಬೇಡ ಅಂತ ಅದರ ಅರ್ಥ.

"ಹೂಂ ಕಣವ್ವ" ಅಂದಳು ಅನಸೂಯಕ್ಕ. "ನಿಮ್ಮಮ್ಮನ್ನ ನೋಡೇ ಕಲ್ತಿದ್ದು."

ಬೀದಿಗೆ ಬಂದ ಮೇಲೆ ನಾನು ಬಾಯಿಗೆ ಬಂದ ಹಾಗೆ ಬೈದೆ, ಭೈರಮ್ಮನನ್ನು, ನಯನಳನ್ನು, ಅವಳನ್ನೂ. ಅವಳು ಖಾಲಿ ತಟ್ಟೆ ನೋಡುತ್ತಾ ನಿಂತಿದ್ದಳು. ಆಮೇಲೆ ಮೆಲ್ಲಗೆ ಅಂದಳು: "ಅವಳ ಕಣ್ಣು ಟಿವಿ ಮೇಲೇ ಇರ್ತಿತ್ತು ಧನೂ. ಉಣಿಸೋರು ಯಾರು ಅಂತ ಅವಳು ಒಂದಿನಾನೂ ತಿರುಗಿ ನೋಡ್ಲಿಲ್ಲ. ನಂಗೇ ಗೊತ್ತಾಗ್ಲಿಲ್ಲ."

ಮುಂದಿನ ಭಾನುವಾರ ನಾಲ್ಕು ಗಂಟೆಗೆ ಅವಳ ಮನೆಯ ಹೆಂಚಿನ ಸಂದಿಯಿಂದ ಹೊಗೆ ಬರುತ್ತಿತ್ತು. ಗಾಬರಿಯಾಗಿ ಓಡಿದೆ. ಚಿತ್ರಾನ್ನ ಇಲ್ಲ, ತಟ್ಟೆ ಇಲ್ಲ. ಅಟ್ಟದ ಕೆಳಗೆ ಕಾಯಿಮಟ್ಟೆ ಒಟ್ಟಿ ಬೆಂಕಿ ಹಾಕಿಕೊಂಡು ಮುಂದೆ ಕೂತಿದ್ದಳು. ಹೊಗೆ ಅಟ್ಟ ತುಂಬಿ ತಡಿಕೆಯ ಆಚೆಗೂ ಹೋಗುತ್ತಿತ್ತು.

"ಬೇಸಿಗೇಲಿ ಯಾಕಕ್ಕ ಹೊಗೆ? ಕಾಯಿ ಒಣಗೇ ಅವೆ."

"ಅವತ್ತು ಹಾಕಬೇಕಿತ್ತು" ಅಂದಳು.

ಅವಳ ಪಕ್ಕ ಕೂತೆ. ಗೋಡೆಯ ಆಚೆ ಸಿನಿಮಾದ ಹಾಡು ಶುರುವಾಯಿತು. ಸ್ವಲ್ಪ ಹೊತ್ತಿಗೆ ಆ ಕಡೆ ಯಾರೋ ಕೆಮ್ಮಿದರು. ಮತ್ತೆ ಕೆಮ್ಮಿದರು. "ಅಮ್ಮಾ, ಎಲ್ಲಿಂದ ಬತ್ತಿದೆ ಈ ಹೊಗೆ? ಟಿವಿನೇ ಕಾಣ್ತಿಲ್ಲ" ಅಂತ ನಯನಳ ದನಿ.

ಅನಸೂಯಕ್ಕ ಬೆಂಕಿ ನೋಡುತ್ತಾ ಒಂದು ಗಳಿಗೆ ಅಲ್ಲಾಡದೆ ಕೂತಿದ್ದಳು. ಆಮೇಲೆ ಮಂಡಿಯ ಮೇಲೆ ಕೈಯೂರಿ ಎದ್ದು, ಹಂಡೆಯಿಂದ ಒಂದು ಚೊಂಬು ನೀರು ತಂದು ಬೆಂಕಿಯ ಮೇಲೆ ಸುರಿದಳು.